ಕಾರವಾರದ ಕಣ್ಣಾಸ್ಪತ್ರೆ: ಡಾಕ್ಟರಿಗೆ ಐದು ಸ್ಟಾರು, ಬೆಂಚಿಗೆ ಒಂದು

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಇದರಲ್ಲಿ ಹೊಗಳಿಕೆಯೂ ಇದೆ, ಬೈಗುಳವೂ ಇದೆ. ಬೈದ ಮೇಲೆ ನಾನು ಮತ್ತೆ ಅದೇ ಬೆಂಚಿನ ಮೇಲೆ ಹೋಗಿ ಕೂರಬೇಕು. ಕಾರವಾರದ ಒಂದು ಖಾಸಗಿ ಕಣ್ಣಿನ ಆಸ್ಪತ್ರೆ ಅಂತಷ್ಟೇ ಇಟ್ಟುಕೊಳ್ಳಿ. ಕನ್ನಡಕ, ಪೊರೆ ಇದಕ್ಕೆಲ್ಲ ದಿನಾ ಡಾಕ್ಟರಿರುತ್ತಾರೆ. ಕಣ್ಣಿನ ಹಿಂದಿನ ಪರದೆಯನ್ನು, ಅಂದರೆ ರೆಟಿನಾವನ್ನು ನೋಡುವ ಡಾಕ್ಟರು ತಿಂಗಳಿಗೆ ಎರಡು ಶನಿವಾರ ಮಾತ್ರ ಹೊರಗಿನಿಂದ ಬರುತ್ತಾರೆ. ನಾನು ಬರೆಯುತ್ತಿರುವುದು ಆ ಶನಿವಾರಗಳ ಬಗ್ಗೆ. ನನ್ನ ಬಲಗಣ್ಣಿನ ಪರದೆಯಿಂದ ರಕ್ತ ವಾಪಸು ಒಯ್ಯುವ ನಾಳದ ಒಂದು ಕೊಂಬೆ ಬ್ಲಾಕ್ ಆಗಿತ್ತು, ಹೋಗುತ್ತಿದ್ದದ್ದು ಅದಕ್ಕೇ.

ನಾನು ಕುಮಟಾದವಳು, ವಯಸ್ಸು 56. ಬ್ಲೌಸ್ ಹೊಲಿಯುವುದು ಕೆಲಸ, 30 ವರ್ಷದ ಮೇಲಾಯಿತು. ಫಾಲ್, ಪಿಕೋ, ಚೂಡಿದಾರ ಎಲ್ಲಾ ಮಾಡುತ್ತೇನೆ, ಆದರೆ ನಾಲ್ಕು ಜನ ಹುಡುಕಿಕೊಂಡು ಬರುವುದು ಬ್ಲೌಸಿಗೆ. ಇದನ್ನು ಯಾಕೆ ಹೇಳಿದೆ ಅಂದರೆ, ನನ್ನ ಕಣ್ಣು ಕೆಟ್ಟಿದ್ದನ್ನು ಮೊದಲು ಹೇಳಿದ್ದೇ ಸೂಜಿ.

2024ರ ಮೇ ತಿಂಗಳು. ಮದುವೆ ಸೀಸನ್ನು. ಕಪಾಟಿನಲ್ಲಿ 40 ಬ್ಲೌಸ್ ಪೀಸು ಕಾಯುತ್ತಿದ್ದವು. ರಾತ್ರಿ ಹನ್ನೆರಡರವರೆಗೆ ಹೊಲಿದು ಮಲಗಿದ್ದೆ. ಬೆಳಿಗ್ಗೆ ಎದ್ದೆ, ಚಾ ಮಾಡಿದೆ, ನಮ್ಮನೆಯವರಿಗೆ ತಿಂಡಿ ಕೊಟ್ಟೆ. ಏನೂ ಗೊತ್ತಾಗಲಿಲ್ಲ. ಹುಕ್ಕು ಹಚ್ಚಲು ಕೂತು, ಸೂಜಿಗೆ ದಾರ ಪೋಣಿಸುವಾಗ ರೂಢಿಯಂತೆ ಎಡಗಣ್ಣು ಮುಚ್ಚಿದೆ. ಸೂಜಿಯ ಕಣ್ಣು ಮಸುಕು ಮಸುಕು. ಸೂಜಿಯ ಕೆಳಗಿನ ಅರ್ಧ ಇಲ್ಲವೇ ಇಲ್ಲ. ಅದನ್ನು ಹಿಡಿದ ನನ್ನ ಬೆರಳೂ ಇಲ್ಲ. ಅಲ್ಲಿ ಹೊಗೆ ಕೂತ ಹಾಗೆ ಒಂದು ಕಂದು ನೆರಳು. ಎಡಗಣ್ಣು ತೆರೆದರೆ ಎಲ್ಲಾ ಸರಿ. ಮುಚ್ಚಿದರೆ ಮತ್ತೆ ಹೊಗೆ. ಕೊರಳಲ್ಲಿದ್ದ ಟೇಪು ತೆಗೆದು ನೇರ ಹಿಡಿದು ನೋಡಿದೆ. ಟೇಪು ನಡುವೆ ಹಾವಿನ ಹಾಗೆ ಬಳುಕಿತ್ತು.

ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಕನ್ನಡಿಯಲ್ಲಿ ನೋಡಿದರೆ ಎರಡು ಕಣ್ಣೂ ಒಂದೇ ರೀತಿ. ನೋವಿದ್ದಿದ್ದರೆ ನಾನು ಅವತ್ತೇ ಓಡುತ್ತಿದ್ದೆ. ನೋವಿಲ್ಲದ್ದಕ್ಕೆ 40 ಬ್ಲೌಸ್ ಮುಗಿಸಲು ಕೂತೆ.

ಮೂರು ವಾರ ಹೀಗೇ ಹೋಯಿತು. ಮೊದಲು ಕನ್ನಡಕದ ಅಂಗಡಿ. ಅಲ್ಲಿ ನಂಬರು ಜಾಸ್ತಿ ಆಗಿದೆ ಅಂತ ಹೊಸ ಗ್ಲಾಸು ಹಾಕಿದರು. ಹೊಸ ಗ್ಲಾಸಿನಲ್ಲಿ ಹೊಗೆ ಇನ್ನೂ ಚೆನ್ನಾಗಿ ಕಂಡಿತು! ಆಮೇಲೆ ಒಬ್ಬ ಡಾಕ್ಟರ ಹತ್ತಿರ ಹೋದೆ. ಯಾರು, ಯಾವ ಊರು ಅಂತ ಕೇಳಬೇಡಿ. ಟಾರ್ಚು ಬಿಟ್ಟು ನೋಡಿ, ಪೊರೆ ಶುರುವಾಗಿದೆ ಅಂದರು. ಡ್ರಾಪ್ಸ್ ಬರೆದುಕೊಟ್ಟು ಆರು ತಿಂಗಳು ಬಿಟ್ಟು ಬನ್ನಿ ಅಂದರು. ಕಣ್ಣಿನ ಪಾಪೆ ಅಗಲವಾಗುವ ಹನಿ ಹಾಕಲೇ ಇಲ್ಲ. ಅದು ಹಾಕದೆ ಕಣ್ಣಿನ ಹಿಂಭಾಗ ಸರಿಯಾಗಿ ಕಾಣುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಪೊರೆ ರಾತ್ರಿ ಬೆಳಗಾಗುವುದರೊಳಗೆ ಬರುತ್ತದಾ ಅಂತ ಅವರನ್ನು ಕೇಳಬೇಕಿತ್ತು. ಕೇಳಲಿಲ್ಲ, ಡಾಕ್ಟರ ಮುಂದೆ ನಮ್ಮಂಥವರಿಗೆ ಬಾಯಿ ಬರುವುದಿಲ್ಲ ನೋಡಿ.

ಕೊನೆಗೆ ಅಂಕೋಲಾದಲ್ಲಿರುವ ನನ್ನ ನಾದಿನಿ ಬೈದಳು. "ಅತ್ತಿಗೆ, ಒಂದೇ ಕಣ್ಣಲ್ಲಿ ಹೊಲಿದು ನನ್ನ ಬ್ಲೌಸಿನ ಕುತ್ತಿಗೆ ಸೊಟ್ಟ ಮಾಡಿದ್ದೀಯಲ್ಲ, ಸುಮ್ನೆ ಕಾರವಾರಕ್ಕೆ ನಡಿ" ಅಂದಳು. ಕುತ್ತಿಗೆ ಸೊಟ್ಟ ಆಗಿದ್ದು ನಿಜ. ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಬಸ್ ಹತ್ತಿದೆ. ಅವಳು ಅಂಕೋಲಾದಲ್ಲಿ ಹತ್ತಿಕೊಂಡಳು.

ಈಗ ಆಸ್ಪತ್ರೆ.

ಕೌಂಟರಿನ ಹುಡುಗಿ ಕನ್ನಡ, ಕೊಂಕಣಿ ಎರಡರಲ್ಲೂ ಮಾತಾಡುತ್ತಾಳೆ, ಮುಖ ಸಿಂಡರಿಸುವುದಿಲ್ಲ. ಫೈಲು ಮಾಡಿಸಲು ₹300. ಅಕ್ಷರ ಓದಿಸುವ ಬೋರ್ಡು ಕನ್ನಡದ್ದು, ಇದಕ್ಕೆ ನನ್ನಿಂದ ಒಂದು ಸ್ಟಾರು ಜಾಸ್ತಿ. ಎಡಗಣ್ಣಿನಲ್ಲಿ ಕೆಳಗಿನ ಸಾಲಿನವರೆಗೆ ಓದಿದೆ. ಬಲಗಣ್ಣಿನಲ್ಲಿ ಮೂರನೇ ಸಾಲಿಗೇ ನಿಂತೆ. ಕಳ್ಳತನದಿಂದ ಕೈಸಂದಿಯಲ್ಲಿ ಎಡಗಣ್ಣು ಬಿಟ್ಟೆ, ಹುಡುಗ ಹಿಡಿದುಬಿಟ್ಟ. "ಅಮ್ಮಾ, ಪರೀಕ್ಷೆಯಲ್ಲಿ ಕಾಪಿ ಹೊಡೆಯಬೇಡಿ" ಅಂದ. ಫೈಲಿನಲ್ಲಿ 6/36 ಅಂತ ಬರೆದ. ಹಾಗಂದರೆ ಏನು ಅಂತ ಕೇಳಿದೆ. ಸರಿ ಕಣ್ಣಿನವರು 36 ಮೀಟರ್ ದೂರದಲ್ಲಿ ನಿಂತು ಓದುವ ಅಕ್ಷರವನ್ನು ನಾನು 6 ಮೀಟರ್ ಹತ್ತಿರ ಬಂದರೆ ಮಾತ್ರ ಓದಬಲ್ಲೆ, ಅಷ್ಟೇ ಅಂತ ಬಿಡಿಸಿ ಹೇಳಿದ. ಟಾರ್ಚನ್ನು ಒಂದು ಕಣ್ಣಿಂದ ಇನ್ನೊಂದಕ್ಕೆ, ಮತ್ತೆ ಇದಕ್ಕೆ ಅಂತ ನಾಲ್ಕು ಸಲ ಆಡಿಸಿ ಪಾಪೆ ಹೇಗೆ ಕುಗ್ಗುತ್ತದೆ ಅಂತ ನೋಡಿದ. ಕಣ್ಣಿನ ಒತ್ತಡ ನೋಡುವ ಮಷೀನು ಪುಸ್ ಅಂತ ಗಾಳಿ ಬಿಟ್ಟಿತು, ನಾನು ಬೆಚ್ಚಿ ಹಿಂದೆ ಸರಿದೆ. ಒತ್ತಡ 16, ಅದು ಸರಿ ಇದೆ ಅಂದ. ಅವನೇ ಬಿಪಿಯನ್ನೂ ನೋಡಿದ. 178/104. ಮತ್ತೊಮ್ಮೆ ನೋಡಿದ. ಕಡಿಮೆಯಾಗಲಿಲ್ಲ.

ಆಮೇಲೆ ಹನಿ. ಹತ್ತು ನಿಮಿಷಕ್ಕೊಮ್ಮೆ ಮೂರು ಸಲ. ಹನಿ ಹಾಕಿಸಿಕೊಂಡು ಕೂರುವ ಜಾಗವೇ ಆ ಬೆಂಚು.

ಬೆಂಚಿನ ಬಗ್ಗೆ ಹೇಳಲೇಬೇಕು. ಸ್ಟೀಲಿನದ್ದು. ಬೆನ್ನಿಗೆ ಆಧಾರ ಅಂತ ಎರಡು ಪೈಪು, ಅವು ಸರಿಯಾಗಿ ಪಕ್ಕೆಲುಬಿಗೆ ಚುಚ್ಚುತ್ತವೆ. ಅಲ್ಲಿ ಕೂರುವವರಲ್ಲಿ ಅರ್ಧಕ್ಕರ್ಧ ಜನ 60 ದಾಟಿದವರು. ಮೂರು ಗಂಟೆಗಿಂತ ಕಡಿಮೆ ಯಾರೂ ಕೂತಿದ್ದು ನಾನು ನೋಡಿಲ್ಲ. ಎದುರಿಗೆ ದೊಡ್ಡ ಟಿವಿ, ಜೋರು ವಾಲ್ಯೂಮಿನಲ್ಲಿ ಧಾರಾವಾಹಿ. ಪಾಪೆ ಅರಳಿಸಿ ಕೂರಿಸಿದ ಮೇಲೆ ಟಿವಿ ಯಾರಿಗೆ ಕಾಣುತ್ತದೆ ಸ್ವಾಮೀ? ಟೋಕನ್ ನಂಬರೂ ಟಿವಿಯ ಪಕ್ಕದ ಸಣ್ಣ ಕೆಂಪು ಬೋರ್ಡಿನಲ್ಲೇ ಬರುತ್ತದೆ. ನಮಗೆ ಅದೂ ಕಾಣುವುದಿಲ್ಲ. ಕಣ್ಣು ಕಾಣದವರಿಗೆ ನಂಬರು ತೋರಿಸಿ ಕರೆಯುವ ಉಪಾಯ ಯಾವ ಪುಣ್ಯಾತ್ಮನದ್ದೋ. ಮೂರು ಸಲ ಕೌಂಟರಿಗೆ ಹೇಳಿದ್ದೇನೆ, ಬಾಯಲ್ಲಿ ಕರೆಯಿರಿ ಅಂತ. ಬರೆದುಕೊಳ್ಳುತ್ತಾರೆ.

ಆದರೆ ಈ ಕಾಯಿಲೆಯ ಬಗ್ಗೆ ನಾನು ಅರ್ಧ ಕಲಿತದ್ದು ಆ ಬೆಂಚಿನ ಮೇಲೇ. ಮೊದಲ ದಿನ ನನ್ನ ಪಕ್ಕ ಬೇಲೆಕೇರಿ ಕಡೆಯ ಒಬ್ಬ ಅಜ್ಜ ಕೂತಿದ್ದರು, ಬೋಟಿನವರು. ಒಂದು ಕಣ್ಣು ಕೆಂಪಗಾಗಿ, ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದರು. ಅವರಿಗೂ ರಕ್ತನಾಳ ಬ್ಲಾಕು, ಆದರೆ ನನ್ನ ಹಾಗೆ ಕೊಂಬೆಯದ್ದಲ್ಲ, ಬುಡದ್ದು. ಕಣ್ಣಿನಿಂದ ರಕ್ತ ವಾಪಸು ಹೋಗುವ ಮುಖ್ಯ ನಾಳವೇ ಕಟ್ಟಿಕೊಂಡರೆ ಪರದೆಯ ನಾಲ್ಕೂ ಕಡೆ ರಕ್ತ ಒಡೆಯುತ್ತದೆ. ಫೆಬ್ರವರಿ ಕೊನೆಯಲ್ಲಿ ಹಾಗಾಗಿತ್ತು. ತಿಂಗಳು ತಿಂಗಳು ಬಂದು ತೋರಿಸಿ ಅಂದಿದ್ದರಂತೆ. ಜೂನ್, ಜುಲೈ ಹೇಗೂ ಬೋಟು ನೀರಿಗಿಳಿಯುವುದಿಲ್ಲವಲ್ಲ, ಮೀನುಗಾರಿಕೆ ಬಂದ್ ಆದಾಗಲೇ ಹೋದರಾಯಿತು ಅಂತ ಅಜ್ಜ ಕಾದರು. ಅಷ್ಟರಲ್ಲಿ ಕಣ್ಣಿನ ಮುಂಭಾಗದಲ್ಲಿ, ಪಾಪೆಯ ಸುತ್ತ, ಹೊಸ ಕೆಟ್ಟ ರಕ್ತನಾಳ ಬೆಳೆದು ನೀರು ಹೊರಹೋಗುವ ದಾರಿ ಮುಚ್ಚಿತು. ಒತ್ತಡ ಏರಿ ನೋವು ಶುರುವಾಯಿತು. ಮೂರು ತಿಂಗಳ ಸುಮಾರಿಗೆ ಬರುತ್ತದೆ ಅಂತ ಇದಕ್ಕೆ ಡಾಕ್ಟರುಗಳು 90 ದಿನದ ಗ್ಲಾಕೋಮಾ ಅಂತಲೇ ಹೆಸರಿಟ್ಟಿದ್ದಾರಂತೆ. ಅಜ್ಜನ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಬೀಡಿ ಸೇದುತ್ತಿದ್ದರು, ಅದನ್ನೂ ಬಿಡಿ ಅಂದಿದ್ದಾರೆ. "ಬೀಡಿ ಬಿಟ್ಟರೆ ಇನ್ನೊಂದು ಕಣ್ಣು ಉಳೀತದಂತೆ ತಂಗೀ" ಅಂದರು. ಅರ್ಧ ನಗು, ಅರ್ಧ ಅಳು.

ಇನ್ನೊಬ್ಬಳು ಹುಡುಗಿ, 30 ಇರಬಹುದು. ಬಿಪಿ ಇಲ್ಲ, ಶುಗರ್ ಇಲ್ಲ. ಅವಳಿಗೂ ಇದೇ. ಅಷ್ಟು ಚಿಕ್ಕ ವಯಸ್ಸಿಗೆ ಬಂದರೆ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಏನಾದರೂ ಇದೆಯಾ ಅಂತ ಬೇರೆ ಬೇರೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಉದ್ದ ಚೀಟಿ ಹಿಡಿದುಕೊಂಡು ಲ್ಯಾಬಿಗೆ ಓಡಾಡುತ್ತಿದ್ದಳು ಪಾಪ.

ನನ್ನ ಸರದಿ ಬಂದಾಗ ಒಂದು ಗಂಟೆ ಹೊಡೆದಿತ್ತು. ಮೊದಲು ಕಣ್ಣಿನ ಬಣ್ಣದ ಫೋಟೋ. ಆಮೇಲೆ ಓಸಿಟಿ ಅಂತ ಒಂದು ಸ್ಕ್ಯಾನು, ಗಲ್ಲ ಇಟ್ಟು ಹಸಿರು ಚುಕ್ಕೆ ನೋಡುತ್ತಾ ಕೂತರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ, ₹1,500. ಡಾಕ್ಟರು ತಲೆಗೆ ಲೈಟು ಕಟ್ಟಿಕೊಂಡು, ಕೈಯಲ್ಲಿ ಗಾಜು ಹಿಡಿದು, ಮೇಲೆ ನೋಡಿ, ಕೆಳಗೆ ನೋಡಿ, ಬಲಕ್ಕೆ ನೋಡಿ ಅಂತ ಎರಡೂ ಕಣ್ಣು ನೋಡಿದರು. ಸರಿ ಇರುವ ಕಣ್ಣನ್ನೂ ಅಷ್ಟೇ ಹೊತ್ತು ನೋಡಿದ್ದು ನನಗೆ ಹಿಡಿಸಿತು.

ಮುಂದಿನ ಹದಿನೈದು ನಿಮಿಷಕ್ಕೇ ನಾನು ಐದು ಸ್ಟಾರು ಕೊಟ್ಟದ್ದು. ಹೊರಗೆ 30 ಜನ ಕಾಯುತ್ತಿದ್ದರೂ ಅವರು ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿದರು. ಕಿತ್ತಳೆ ಬಣ್ಣದ ಒಂದು ಹುಣ್ಣಿಮೆ ಚಂದ್ರ. ಅದರ ಮೇಲಿನ ಕಾಲುಭಾಗದಲ್ಲಿ ಕೆಂಪು ಗೀರು ಗೀರು, ಒಲೆಯಲ್ಲಿ ಬೆಂಕಿಯ ನಾಲಿಗೆ ಏಳುತ್ತದಲ್ಲ, ಹಾಗೆ. ನಡುನಡುವೆ ಹತ್ತಿ ಹಿಂಜಿ ಇಟ್ಟ ಹಾಗೆ ಬಿಳಿ ಚುಕ್ಕೆ. ರಕ್ತ ಸಿಕ್ಕದೆ ಉಬ್ಬಿಕೊಂಡ ನರದ ಎಳೆಗಳವು ಅಂದರು. ಅಲ್ಲಿಯ ರಕ್ತನಾಳ ದಪ್ಪವಾಗಿ, ಕಪ್ಪಗಾಗಿ, ಸುತ್ತಿಕೊಂಡಿತ್ತು. ಕೆಳಗಿನ ಭಾಗದ ನಾಳಗಳು ಮಾತ್ರ ನೇರ, ತೆಳ್ಳಗೆ. "ಹಾಳಾದದ್ದು ಮೇಲೆ, ನನಗೆ ಕಾಣದೆ ಇರುವುದು ಕೆಳಗೆ, ಇದು ಹೇಗೆ ಸರ್?" ಅಂದೆ. ಕಣ್ಣಿನೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ, ಪರದೆಯ ಮೇಲ್ಭಾಗ ನೋಡುವುದು ಕೆಳಗಿನದ್ದನ್ನೇ ಅಂದರು. ನನ್ನ ಬೆರಳು ಯಾಕೆ ಮಾಯವಾಯಿತು ಅಂತ ಆಗ ಅರ್ಥವಾಯಿತು.

ಬ್ಲಾಕ್ ಹೇಗಾಗುತ್ತದೆ ಅಂತ ಪೆನ್ನಿನಲ್ಲಿ ಗೀಚಿದರು. ರಕ್ತ ತರುವ ನಾಳ, ರಕ್ತ ವಾಪಸು ಒಯ್ಯುವ ನಾಳ ಒಂದರ ಮೇಲೊಂದು ದಾಟುವ ಜಾಗಗಳಿವೆ. ಅಲ್ಲಿ ಎರಡಕ್ಕೂ ಹೊದಿಕೆ ಒಂದೇ. ಬಿಪಿಯಿಂದ, ವಯಸ್ಸಿನಿಂದ ತರುವ ನಾಳ ಗಟ್ಟಿಯಾದರೆ ಪಕ್ಕದ ಮೆತ್ತಗಿನ ನಾಳವನ್ನು ಒತ್ತುತ್ತದೆ. ಅಲ್ಲಿ ರಕ್ತ ನಿಧಾನವಾಗಿ, ಸುಳಿ ತಿರುಗಿ, ಹೆಪ್ಪುಗಟ್ಟುತ್ತದೆ. ನಾನು ಅಂದೆ, ಲಂಗದ ಒಂದೇ ಪಟ್ಟಿಯೊಳಗೆ ಎರಡು ಲಾಡಿ ತೂರಿಸಿದ ಹಾಗೆ ಅಲ್ವಾ, ಒಂದು ಲಾಡಿ ಬಿರುಸಾದರೆ ಇನ್ನೊಂದು ಜಗ್ಗುವುದಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ಮುಂದಿನ ಪೇಶೆಂಟಿಗೆ ಇದನ್ನೇ ಹೇಳುತ್ತೇನೆ ಅಂದರು. ಹೇಳುತ್ತಾರೋ ಇಲ್ಲವೋ.

ಕೊನೆಗೆ ಓಸಿಟಿ. ಅದು ಪರದೆಯನ್ನು ಚಾಕುವಿನಲ್ಲಿ ಕೊಯ್ದು ಪಕ್ಕದಿಂದ ನೋಡಿದಂಥ ಚಿತ್ರ. ಸೂಕ್ಷ್ಮವಾಗಿ ನೋಡುವ ನಡುಜಾಗದಲ್ಲಿ ಸಣ್ಣ ಗುಂಡಿ ಇರಬೇಕು. ಎಡಗಣ್ಣಿನಲ್ಲಿ ಇತ್ತು. ಬಲಗಣ್ಣಿನಲ್ಲಿ ಗುಂಡಿಯ ಜಾಗದಲ್ಲಿ ಗುಡ್ಡ, ಗುಡ್ಡದೊಳಗೆ ಕಪ್ಪು ಕಪ್ಪು ನೀರಿನ ಚೀಲ. 250ರ ಆಸುಪಾಸು ಇರಬೇಕಾದ ದಪ್ಪ 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿನ ಮೇಲೆ, ಆಗಿತ್ತು. ಟೇಪು ಬಳುಕಿದ್ದು ಈ ಗುಡ್ಡದಿಂದ. ಅಳತೆಯ ಭಾಷೆಯಲ್ಲಿ ಹೇಳಿದ್ದಕ್ಕೆ ನನಗೆ ಸರಿಯಾಗಿ ತಲೆಗೆ ಹೋಯಿತು.

ಎಡಗಣ್ಣಿನ ಫೋಟೋ ಹಾಕಿ ಇನ್ನೊಂದು ಮಾತು ಹೇಳಿದರು. ಅಲ್ಲೂ ನಾಳಗಳು ದಾಟುವ ಜಾಗದಲ್ಲಿ ಒತ್ತಿದ ಗುರುತಿದೆ, ಬಿಪಿ ಬಹಳ ದಿನದಿಂದ ಕೆಲಸ ಮಾಡುತ್ತಿದೆ ಅಂದರು. "ಮಾತ್ರೆ ತಗೋತೀರಾ?" ನಾನು ತಲೆ ತಗ್ಗಿಸಿದೆ. ಹಿಂದಿನ ದೀಪಾವಳಿಗೆ ಬಿಟ್ಟಿದ್ದೆ. ತಲೆನೋವಿರಲಿಲ್ಲ, ತಲೆಸುತ್ತಿರಲಿಲ್ಲ, ಆರಾಮಿದ್ದೇನಲ್ಲ ಅಂತ. ನಾದಿನಿಗೂ ಗೊತ್ತಿರಲಿಲ್ಲ. ಅಲ್ಲೇ ನನ್ನ ತೊಡೆ ಚಿವುಟಿದಳು. ಡಾಕ್ಟರು ಬೈಯಲಿಲ್ಲ. ಕಣ್ಣಿಗೆ ನಾನು ಇಂಜೆಕ್ಷನ್ ಕೊಡಬಹುದು, ಬಿಪಿಗೆ ನೀವೇ ನುಂಗಬೇಕು ಅಂದರು. ಫಿಜಿಶಿಯನ್‌ಗೆ ಚೀಟಿ ಬರೆದರು, ಶುಗರ್, ಕೊಲೆಸ್ಟರಾಲ್ ನೋಡಿಸಿ ಅಂದರು. ಅವತ್ತೇ ನೋಡಿಸಿದೆ. ಕೊಲೆಸ್ಟರಾಲ್ ಜಾಸ್ತಿ ಬಂತು, ಶುಗರ್ ಇಲ್ಲ.

"ಪೂರ್ತಿ ಸರಿಯಾಗುತ್ತದಾ?" ಅಂತ ಕೇಳಿದೆ. ಆಗುತ್ತದೆ ಅನ್ನಲಿಲ್ಲ. ಸುಮಾರು ಜನರಿಗೆ ಚೆನ್ನಾಗಿ ಸುಧಾರಿಸುತ್ತದೆ, ನಿಮ್ಮದು ಕೊಂಬೆಯ ಬ್ಲಾಕು, ಆದ್ದರಿಂದ ಆಸೆ ಜಾಸ್ತಿ, ಆದರೆ ಒಂದು ಇಂಜೆಕ್ಷನ್‌ಗೆ ಮುಗಿಯುವುದಿಲ್ಲ, ತಿಂಗಳು ತಿಂಗಳು ಬರಬೇಕು, ಮೊದಲು ಮೂರು ಹಾಕಿ ನೋಡೋಣ ಅಂದರು. ಮೂರು ವಾರ ಮೊದಲೇ ಬರಬೇಕಿತ್ತು ಅಂತಲೂ ಹೇಳಿದರು. ಅದು ಚುಚ್ಚಿತು.

ಇಂಜೆಕ್ಷನ್ ಎಲ್ಲಿಗೆ? ಕಣ್ಣಿಗೇ. ಕಣ್ಣಿನೊಳಗೆ. ಇದನ್ನು ಕೇಳಿದ ಕೂಡಲೇ ಬೆಂಚಿನ ಮೇಲಿದ್ದ ಒಬ್ಬ ಹೆಂಗಸು ಎದ್ದು ಮನೆಗೆ ಹೋಗಿದ್ದನ್ನು ಇನ್ನೊಂದು ಶನಿವಾರ ನೋಡಿದ್ದೇನೆ. ನಾನೂ ಹೋಗುವವಳೇ, ನಾದಿನಿ ಸೆರಗು ಹಿಡಿದಿದ್ದಳು.

ಔಷಧದಲ್ಲಿ ಮೂರು ಥರ ಇದೆ ಅಂತ ಬೆಲೆ ಸಮೇತ ಹೇಳಿದರು, ದುಬಾರಿಯದ್ದನ್ನು ತಲೆಗೆ ಕಟ್ಟಲಿಲ್ಲ. ಬೆವಾಸಿಜುಮ್ಯಾಬ್, ರಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್. ಹೆಸರು ಚೀಟಿ ನೋಡಿ ಬರೆಯುತ್ತಿದ್ದೇನೆ. ಮೂರೂ ನಾಳದಿಂದ ನೀರು ಸೋರುವುದನ್ನು ಕಡಿಮೆ ಮಾಡುವಂಥವು. ಮೊದಲನೆಯದು ಬಂದಿದ್ದು ಕರುಳಿನ ಕ್ಯಾನ್ಸರಿನ ಔಷಧವಾಗಿ. ಅದನ್ನೇ ಕಣ್ಣಿಗೆ ಬಹಳ ಸಣ್ಣ ಪ್ರಮಾಣದಲ್ಲಿ, 0.05 ಮಿಲಿ ಮಾತ್ರ, ಹಾಕುತ್ತಾರೆ. ಕಣ್ಣಿಗಂತ ಲೈಸೆನ್ಸ್ ಆದ ಔಷಧ ಇದಲ್ಲ, ಆದರೂ ಜಗತ್ತಿನ ತುಂಬಾ ಹಾಕುತ್ತಾರೆ ಅಂತ ಅದನ್ನೂ ಮುಚ್ಚಿಡದೆ ಹೇಳಿದರು. ನಾನು ಅದನ್ನೇ ಆರಿಸಿದೆ. ಎಲ್ಲಾ ಸೇರಿ ಒಂದು ಸಲಕ್ಕೆ ₹7,000. ನನಗೆ ಅದೇ ದೊಡ್ಡದು, ಎಷ್ಟು ಬ್ಲೌಸ್ ಹೊಲಿಯಬೇಕು ಲೆಕ್ಕ ಹಾಕಿ. ದುಬಾರಿಯದ್ದರ ಬೆಲೆ ಕೇಳಿ ನಾದಿನಿಯೇ ಕುರ್ಚಿ ಹಿಡಿದುಕೊಂಡಳು.

ಥಿಯೇಟರಿನಲ್ಲಿ ತಲೆಗೆ ಟೋಪಿ, ಮರಗಟ್ಟಿಸುವ ಹನಿ, ಕಂದು ಬಣ್ಣದ ಅಯೋಡಿನ್ ಹನಿ. ಉರಿದಿದ್ದು ಆ ಕಂದು ಹನಿ ಮಾತ್ರ. ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿದರು, ಬಲಗಣ್ಣಿನ ಜಾಗಕ್ಕೆ ತೂತು. ಎಡಗಣ್ಣು ಬಟ್ಟೆಯ ಕೆಳಗೆ. ಕಾಣಿಸಿದ್ದು ತೂತಿನ ಅಂಚು, ಓವರ್‌ಲಾಕ್ ಮಾಡಿರಲಿಲ್ಲ, ದಾರ ಬಿಟ್ಟುಕೊಂಡು ಜೋತಾಡುತ್ತಿತ್ತು. ಸೂಜಿ ಬರುವಾಗ ನಾನು ಯೋಚಿಸುತ್ತಿದ್ದದ್ದು ಅದನ್ನೇ, ಯಾರಪ್ಪ ಇದನ್ನು ಹೊಲಿದವರು ಅಂತ. ರೆಪ್ಪೆಗೆ ಕ್ಲಿಪ್ಪು ಹಾಕಿದರು, ಎಡಕ್ಕೆ ಮೇಲೆ ನೋಡಿ ಅಂದರು. ಕರಿಗುಡ್ಡೆಯ ಅಂಚಿನಿಂದ 4 ಮಿಲಿಮೀಟರ್ ಅಳೆದು ಬಿಳಿಯಲ್ಲಿ ಚುಚ್ಚುತ್ತಾರೆ. ಬೆರಳಿನಿಂದ ಒತ್ತಿದ ಹಾಗಾಯಿತು. ನೋವು ಅಂತ ಹೇಳಲಾರೆ. ಸಿಸ್ಟರ್ ಕೈ ಹಿಡಿದಿದ್ದಳು, "ಆಯ್ತು ಅಮ್ಮಾ, ಮುಗೀತು" ಅಂದಳು. ನಂಬಲಿಲ್ಲ. ನಿಜಕ್ಕೂ ಮುಗಿದಿತ್ತು. ಎರಡು ಕಪ್ಪು ಗುಳ್ಳೆ ಕಣ್ಣೊಳಗೆ ಗೊದ್ದಮೊಟ್ಟೆಯ ಹಾಗೆ ಈಜಾಡುತ್ತಾ ಸಂಜೆಯವರೆಗೆ ಇದ್ದವು. ಗಾಳಿಗುಳ್ಳೆ, ಹೋಗುತ್ತವೆ ಅಂತ ಮೊದಲೇ ಹೇಳಿದ್ದರಿಂದ ಹೆದರಲಿಲ್ಲ.

ಮನೆಗೆ ಕಳಿಸುವಾಗ ಸಿಸ್ಟರ್ ಒಂದು ಕಾರ್ಡು ಕೊಟ್ಟಳು. ನೋವು ಬಂದರೆ, ಕಣ್ಣು ಕೆಂಪಾಗಿ ದೃಷ್ಟಿ ಇಳಿದರೆ, ಬೆಳಕು ನೋಡಲಾಗದಿದ್ದರೆ ಎಷ್ಟೊತ್ತಿದ್ದರೂ ಫೋನ್ ಮಾಡಿ, ಒಳಗೆ ಸೋಂಕಾದರೆ ಗಂಟೆಗಳ ಲೆಕ್ಕ ಅಂದಳು. ಮಾರನೇ ದಿನ ರಾತ್ರಿ ಒಂಬತ್ತಕ್ಕೆ ಕನ್ನಡಿ ನೋಡಿದರೆ ಬಿಳಿಭಾಗ ಕುಂಕುಮ ಚೆಲ್ಲಿದ ಹಾಗಿದೆ! ಕೈ ನಡುಗಿತು. ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು. ನೋವಿದೆಯಾ, ನಿನ್ನೆಗಿಂತ ಮಸುಕಾಗಿದೆಯಾ, ಪಿಸುರು ಬರುತ್ತಿದೆಯಾ, ಮೂರೇ ಪ್ರಶ್ನೆ. ಮೂರಕ್ಕೂ ಇಲ್ಲ. ಸೂಜಿ ಚುಚ್ಚಿದ ಜಾಗದ ಮೇಲಿನ ರಕ್ತ, ಒಂದೆರಡು ವಾರದಲ್ಲಿ ಹೋಗುತ್ತದೆ, ನೋವು ಬಂದರೆ ಮಾತ್ರ ಮತ್ತೆ ಮಾಡಿ ಅಂದರು. ಹಾಗೇ ಆಯಿತು. ರಾತ್ರಿ ಫೋನ್ ಎತ್ತುವ ಆಸ್ಪತ್ರೆ ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ ನೀವೇ ಹೇಳಿ.

ಎರಡನೇ ಇಂಜೆಕ್ಷನ್ ಜುಲೈ ಮೂರನೇ ಶನಿವಾರ ಇತ್ತು. ಜುಲೈ 16ಕ್ಕೆ ಕುಮಟಾ, ಅಂಕೋಲಾ ನಡುವಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬಂದ್. ಗಂಗಾವಳಿ ಹೊಳೆಗೆ ಮಣ್ಣು, ಲಾರಿ, ಮನುಷ್ಯರು ಎಲ್ಲಾ ಹೋದ ಆ ದಿನಗಳಲ್ಲಿ ನನ್ನ ಕಣ್ಣಿನ ಬಗ್ಗೆ ಯಾರ ಹತ್ತಿರ ಮಾತಾಡುವುದು? ಬಾಯಿ ಮುಚ್ಚಿಕೊಂಡು ಮನೆಯಲ್ಲಿದ್ದೆ. ಆಸ್ಪತ್ರೆಯಿಂದ ಅವರೇ ಫೋನ್ ಮಾಡಿದರು, ಮುಂದಿನ ಸಲಕ್ಕೆ ರೈಲಿನಲ್ಲಿ ಬನ್ನಿ, ಹೆಸರು ಮುಂದೆ ಹಾಕಿಡುತ್ತೇವೆ ಅಂತ. ಎರಡು ವಾರ ತಡವಾಗಿ ರೈಲಿನಲ್ಲಿ ಹೋದೆ. ಸ್ಟೇಷನ್ನಿನಿಂದ ಊರಿಗೆ ಆಟೋದವನು ಕೇಳಿದ್ದು ರೈಲಿನ ಟಿಕೆಟ್ಟಿಗಿಂತ ಎಷ್ಟೋ ಪಟ್ಟು, ಅದು ಬೇರೆ ಕಥೆ. ತಡವಾಗಿದ್ದಕ್ಕೆ ಇಳಿದಿದ್ದ ಊತ ಸ್ವಲ್ಪ ಮತ್ತೆ ಏರಿತ್ತು. ಔಷಧದ ಜೋರು ಒಂದು ತಿಂಗಳ ಸುಮಾರಿಗೆ ಇಳಿಯುತ್ತದೆ, ಆದ್ದರಿಂದಲೇ ತಾರೀಖು ತಪ್ಪಿಸಬೇಡಿ ಅನ್ನುತ್ತಾರೆ.

ಸೆಪ್ಟೆಂಬರಿನಲ್ಲಿ, ರಕ್ತದ ಕಲೆ ಕರಗಿದ ಮೇಲೆ, ಬಣ್ಣದ ಪರೀಕ್ಷೆ ಮಾಡಿದರು. ತೋಳಿನ ನರಕ್ಕೆ ಹಳದಿ ಬಣ್ಣ ಬಿಟ್ಟು, ಅದು ಕಣ್ಣಿನ ನಾಳಗಳಲ್ಲಿ ಓಡುವುದನ್ನು ಪಟಪಟ ಫೋಟೋ ತೆಗೆಯುತ್ತಾರೆ. ಮೊದಲೇ ಮಾಡಿದರೆ ರಕ್ತವೇ ಅಡ್ಡ ಬಂದು ಏನೂ ಕಾಣುವುದಿಲ್ಲವಂತೆ. ಒಂದು ಸಲ ಹೊಟ್ಟೆ ತೊಳಸಿತು, ಅಷ್ಟೇ. ಮೂತ್ರ ಒಂದು ದಿನ ಕಡು ಹಳದಿ ಹೋಗುತ್ತದೆ ಅಂತ ಹೇಳಿ ಕಳಿಸಿದ್ದರು. ಹೇಳದಿದ್ದರೆ ನಾನು ಕಾಮಾಲೆ ಅಂತ ನೆಲನೆಲ್ಲಿ ಅರೆದು ಕುಡಿಯುತ್ತಿದ್ದೆ. ರಕ್ತ ಓಡದ ಜಾಗ ಸಣ್ಣದಿದೆ, ಸದ್ಯ ಲೇಸರ್ ಬೇಡ ಅಂದರು.

ಇನ್ನು ಬೈಗುಳ. ಒಪ್ಪಿಗೆ ಪತ್ರ ಮೂರು ಪುಟ, ಪೂರ್ತಿ ಇಂಗ್ಲಿಷ್. ಅಕ್ಷರದ ಬೋರ್ಡು ಕನ್ನಡದಲ್ಲಿಟ್ಟವರಿಗೆ ಇದು ಆಗುವುದಿಲ್ಲವೇ? ಅದೂ ಪಾಪೆ ಅರಳಿಸಿದ ಮೇಲೆ ಕೊಟ್ಟು ಓದಿ ಸಹಿ ಹಾಕಿ ಅನ್ನುತ್ತಾರೆ. ಯಾವ ಭಾಷೆಯಲ್ಲಿದ್ದರೂ ಆಗ ಓದಲು ಬರುವುದಿಲ್ಲ. ನಾನು ಗೆರೆಯ ಮೇಲೆ ಹಾಕಿದ ಸಹಿ ಗೆರೆಯ ಮೇಲಿಲ್ಲ, ನೋಡಿದರೆ ನಗು ಬರುತ್ತದೆ. ಬಿಲ್ಲಿನಲ್ಲಿ ಇತರೆ ಖರ್ಚು ಅಂತ ₹450 ಇತ್ತು. ಏನದು ಅಂತ ಕೇಳಿದರೆ ಟೋಪಿ, ಗೌನು ಅಂದರು. ಆ ಟೋಪಿಗೆ ಬೇಕಾದ ಬಟ್ಟೆ ಮುಕ್ಕಾಲು ಅಡಿ, ನನಗೆ ಲೆಕ್ಕ ಹೇಳಬೇಡಿ. ಶೌಚಾಲಯಕ್ಕೆ ಎರಡು ಮೆಟ್ಟಿಲು ಇಳಿಯಬೇಕು, ಮೆಟ್ಟಿಲೂ ನೆಲವೂ ಒಂದೇ ಬೂದು ಬಣ್ಣ. ಅಂಚಿಗೆ ಹಳದಿ ಪಟ್ಟಿ ಬಳಿಯಲು ಎಷ್ಟು ಖರ್ಚಾಗುತ್ತದೆ? ಕ್ಯಾಂಟೀನು ಇಲ್ಲ. ಎದುರಿನ ಹೋಟೆಲಿನಲ್ಲಿ ಬಂಗಡೆ ಸಾರು ಊಟ ಚೆನ್ನಾಗಿದೆ. ಆದರೆ ಹನಿ ಹಾಕಿಸಿಕೊಂಡು ಹೋದರೆ ಮುಳ್ಳು ಕಾಣುವುದಿಲ್ಲ, ನಾದಿನಿ ಬಿಡಿಸಿ ಕೊಟ್ಟಳು.

ಒಬ್ಬರೇ ಹೋಗಬೇಡಿ ಅನ್ನುವುದು ಇದಕ್ಕೇ. ವಾಪಸು ಬರುವಾಗ ಹೆದ್ದಾರಿಯ ಬಿಸಿಲು ಕಣ್ಣಿಗೆ ಕನ್ನಡಿ ಹಿಡಿದ ಹಾಗೆ. ಕಪ್ಪು ಕನ್ನಡಕ ಒಯ್ಯಿರಿ, ಅಲ್ಲಿ ಕೊಡುವುದಿಲ್ಲ. ಹಳೆಯ ಕನ್ನಡಕ, ಬಿಪಿ ಮಾತ್ರೆಯ ಚೀಟಿ, ಒಂದು ನೀರಿನ ಬಾಟಲಿ, ಬೆನ್ನಿಗೆ ಒಂದು ಸಣ್ಣ ದಿಂಬು. ದಿಂಬು ನಾನೇ ಹೊಲಿದುಕೊಂಡೆ, ಚೂರು ಬಟ್ಟೆ ತುಂಬಿಸಿ. ಈಗ ಬೆಂಚಿನ ಮೇಲೆ ಅದು ಕೈಯಿಂದ ಕೈಗೆ ಓಡಾಡುತ್ತದೆ.

ಇಲ್ಲಿಯವರೆಗೆ ಐದು ಇಂಜೆಕ್ಷನ್ ಆಗಿದೆ. ಗುಡ್ಡ 540ರಿಂದ 285ಕ್ಕೆ ಇಳಿದಿದೆ, ಓದುವುದು 6/36ರಿಂದ 6/12ಕ್ಕೆ ಬಂದಿದೆ. ಈಗ ಎರಡು ತಿಂಗಳಿಗೊಮ್ಮೆ ಸ್ಕ್ಯಾನು ಮಾತ್ರ, ಊತ ಬಂದರೆ ಮತ್ತೆ ಸೂಜಿ. ಕೆಳಗಿನ ಹೊಗೆ ತೆಳುವಾಗಿದೆ, ಪೂರ್ತಿ ಹೋಗಿಲ್ಲ. ಟೇಪಿನಲ್ಲಿ 14 ಮತ್ತು 15ರ ನಡುವೆ ಇನ್ನೂ ಒಂದು ಸಣ್ಣ ಬಳುಕು ಉಳಿದಿದೆ. ದಿನಾ ಬೆಳಿಗ್ಗೆ ಬಿಪಿ ಮಾತ್ರೆ ನುಂಗಿ, ಒಂದೊಂದೇ ಕಣ್ಣು ಮುಚ್ಚಿ ಬಾಗಿಲಿನ ಚೌಕಟ್ಟು ನೋಡುತ್ತೇನೆ. ಚೌಕಟ್ಟು ನೇರ ಕಂಡರೆ ಮಷೀನು ಹತ್ತುತ್ತೇನೆ. ದಾರ ಪೋಣಿಸಲು ಈಗ ಎಡಗಣ್ಣು, ಮುಚ್ಚುವುದು ಬಲಗಣ್ಣು. 30 ವರ್ಷದ ರೂಢಿ ಬದಲಿಸಲು ಎರಡು ತಿಂಗಳು ಹಿಡಿಯಿತು.

ಕೈ ಹಿಡಿದುಕೊಂಡಿದ್ದ ಸಿಸ್ಟರ್ ಕಳೆದ ಸಲ ಎರಡು ಬ್ಲೌಸ್ ಪೀಸು, ಅಳತೆಗೆ ಒಂದು ಹಳೆಯ ಬ್ಲೌಸು ಕೊಟ್ಟು ಕಳಿಸಿದ್ದಳು. ಹೊಲಿದು ಬಸ್ಸಿನವರ ಕೈಯಲ್ಲಿ ಕಳಿಸಿದೆ. ನಿನ್ನೆ ಫೋನ್ ಮಾಡಿ, ಕುತ್ತಿಗೆ ಚೆಂದ ಕೂತಿದೆ, ಬಲಗೈ ತೋಳು ಮಾತ್ರ ಬಿಗಿ ಅಂದಳು. ಒಳಗೆ ಅರ್ಧ ಇಂಚು ಬಟ್ಟೆ ಬಿಟ್ಟಿದ್ದೇನೆ, ಮುಂದಿನ ಶನಿವಾರ ಬರುವಾಗ ಸೂಜಿದಾರ ತರುತ್ತೇನೆ, ಆ ಬೆಂಚಿನ ಮೇಲೆ ಕೂತೇ ಬಿಚ್ಚಿ ಹೊಲಿದುಕೊಡುತ್ತೇನೆ ಅಂದಿದ್ದೇನೆ. ಹನಿ ಹಾಕುವ ಮೊದಲು.